ಮಗೂಗೆ ಟೈಪ್ 1 ಶುಗರ್: ಸಿರಿಂಜಾ, ಪೆನ್ನಾ, ಪಂಪಾ? ಸ್ಟ್ರಿಪ್ ಸಾಕಾ, ಸೆನ್ಸರ್ ಬೇಕಾ?

ಮಗೂಗೆ ಟೈಪ್ 1 ಅಂತ ಗೊತ್ತಾಗಿ, ಐಸಿಯು, ವಾರ್ಡು ಎಲ್ಲಾ ಮುಗಿಸಿ ಮನೆಗೆ ಬಂದ ಮೇಲೆ ಅಪ್ಪ ಅಮ್ಮಂದಿರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರತ್ತೆ. ಡಾಕ್ಟ್ರು ಸಿರಿಂಜು ಬರ್ಕೊಟ್ಟಿದಾರೆ, ಪರಿಚಯದವರ ಮಗು ಪೆನ್ ಹಾಕ್ಕೊಳತ್ತೆ, ಯೂಟ್ಯೂಬಲ್ಲಿ ಯಾರೋ ಪಂಪು ತೋರಿಸ್ತಿದಾರೆ, ತೋಳಿಗೆ ಬಿಲ್ಲೆ ತರ ಸೆನ್ಸರ್ ಅಂಟಿಸ್ಕೊಂಡ್ರೆ ಚುಚ್ಚೋದೇ ಬೇಡ ಅಂತಿದಾರೆ, ಸಾಲ ಮಾಡಿಯಾದ್ರೂ ಒಳ್ಳೇದೇ ಕೊಡಿಸ್ಬೇಕಾ? ನಮ್ಮನೇಲೂ ಟೈಪ್ 1 ಇರೋ ಮಗಳಿದಾಳೆ, ಹಾಗಾಗಿ ಈ ಪ್ರಶ್ನೆ ಹಿಂದಿರೋ ಗಾಬರಿ ನಂಗೆ ಚೆನ್ನಾಗಿ ಗೊತ್ತು. ನಾನು ಡಾಕ್ಟ್ರಲ್ಲ, ಡೋಸ್ ಎಷ್ಟು ಅನ್ನೋದು ನಿಮ್ಮ ಡಾಕ್ಟ್ರ ಹತ್ರಾನೇ ತೀರ್ಮಾನ ಆಗ್ಬೇಕು. ಆದ್ರೆ ಯಾವ ದಾರಿ ಯಾರಿಗೆ ಸರಿ ಹೋಗತ್ತೆ, ದುಡ್ಡು ಕಮ್ಮಿ ಇದ್ರೆ ಮೊದಲು ಯಾವುದಕ್ಕೆ ಹಾಕ್ಬೇಕು ಅನ್ನೋದನ್ನ ರಿಸರ್ಚ್ ಏನು ಹೇಳತ್ತೆ ಅನ್ನೋದರ ಜೊತೆ ಸೇರಿಸಿ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಒಂದು ಮಾತು, ಇನ್ಸುಲಿನ್ ಬೇಕಾ ಬೇಡ್ವಾ ಅನ್ನೋದು ಇಲ್ಲಿ ಆಯ್ಕೆನೇ ಅಲ್ಲ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತೀನೇ ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡೋ ಬೀಟಾ ಜೀವಕೋಶಗಳನ್ನ ಹಾಳು ಮಾಡಿರತ್ತೆ, ಮಾತ್ರೆ ನುಂಗಿದ್ರೆ, ಪಥ್ಯ ಮಾಡಿದ್ರೆ ಅವು ವಾಪಸ್ ಬರಲ್ಲ. ತುಂಬಾ ಮಕ್ಕಳಿಗೆ ಚಿಕಿತ್ಸೆ ಶುರುವಾದ ಮೇಲೆ ಕೆಲವು ವಾರ ಅಥವಾ ತಿಂಗಳು ಇನ್ಸುಲಿನ್ ತುಂಬಾ ಕಮ್ಮಿ ಸಾಕಾಗತ್ತೆ, ಇದಕ್ಕೆ ಹನಿಮೂನ್ ಪೀರಿಯಡ್ ಅಂತಾರೆ, ಉಳಿದಿರೋ ಸ್ವಲ್ಪ ಬೀಟಾ ಸೆಲ್‌ಗಳು ಚೇತರಿಸ್ಕೊಂಡು ಕೆಲಸ ಮಾಡೋ ಕಾಲ ಅದು. ಸರಿಯಾಗಿ ಅದೇ ಟೈಮಲ್ಲಿ ಯಾರೋ ಕಷಾಯನೋ ಬೇರಿನ ಪುಡಿನೋ ಕೊಟ್ಟಿರ್ತಾರೆ, ಡೋಸ್ ಇಳಿದಿದ್ದು ಅದರಿಂದಾನೇ ಅಂತ ಮನೆಯವರೆಲ್ಲ ನಂಬಿಬಿಡ್ತಾರೆ, ಇನ್ಸುಲಿನ್ ನಿಲ್ಲಿಸ್ತಾರೆ, ಮಗು ಕೀಟೋಅಸಿಡೋಸಿಸ್ ಆಗಿ (ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬ್ಕೊಂಡು) ಮತ್ತೆ ಐಸಿಯುಗೆ ಹೋಗತ್ತೆ. ದಯವಿಟ್ಟು ಇದೊಂದು ಮಾತ್ರ ಮಾಡ್ಬೇಡಿ.

ಯಾವುದನ್ನ ಇಟ್ಕೊಂಡು ಅಳೀಬೇಕು

ಬೆಲೆ ನೋಡೋಕೆ ಮುಂಚೆ ಈ ಐದು ವಿಷಯ ಒಂದು ಹಾಳೇಲಿ ಬರ್ಕೊಳಿ. ಒಂದು, ರಾತ್ರಿ ಶುಗರ್ ಲೋ ಆಗೋ ಅಪಾಯ ಎಷ್ಟು. ಎರಡು, ಊಟ ಆಟ ಸ್ಕೂಲಿನ ಟೈಮ್ ಆಚೀಚೆ ಆದ್ರೆ ಆ ಪದ್ಧತಿ ತಡ್ಕೊಳತ್ತಾ. ಮೂರು, ತಿಂಗಳ ಖರ್ಚು, ಅದೂ ಈ ತಿಂಗಳದ್ದಲ್ಲ, ಇನ್ನು ಐದು ವರ್ಷ ಬಿಡದೆ ಮಾಡೋಕಾಗತ್ತಾ. ನಾಲ್ಕು, ಹಗಲಲ್ಲಿ ಮಗು ಜೊತೆ ಯಾರಿರ್ತಾರೆ, ಅಜ್ಜಿನಾ, ಅಂಗನವಾಡಿನಾ, ಹಾಸ್ಟೆಲ್ಲಾ, ಅವರಿಗೆ ಇದನ್ನ ನಡೆಸೋಕೆ ಬರತ್ತಾ. ಐದು, ಕೆಟ್ಟುಹೋದ್ರೆ, ಮುಗಿದುಹೋದ್ರೆ, ಕರೆಂಟ್ ಹೋದ್ರೆ ಆ ರಾತ್ರಿ ಏನು ಗತಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಎಷ್ಟು ಇಳಿಯತ್ತೆ ಅನ್ನೋದನ್ನ ನಾನು ಬೇಕಂತಲೇ ಈ ಪಟ್ಟೀಲಿ ಹಾಕಿಲ್ಲ, ಯಾಕಂದ್ರೆ ಈ ಐದೂ ಸರಿ ಇದ್ರೆ ಮಾತ್ರ ಅದು ಇಳಿಯೋದು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸ್ಕೊಳಿ. ಯಾವ ಇನ್ಸುಲಿನ್ ಅನ್ನೋದು ಒಂದು ಪ್ರಶ್ನೆ, ಯಾವುದರಿಂದ ಹಾಕೋದು ಅನ್ನೋದು ಬೇರೆ ಪ್ರಶ್ನೆ. ಸಿರಿಂಜು ಅಂದ್ರೆ ಹಳೇ ಇನ್ಸುಲಿನ್, ಪೆನ್ನು ಅಂದ್ರೆ ಹೊಸ ಇನ್ಸುಲಿನ್ ಅಂತ ಏನಿಲ್ಲ. ಗ್ಲಾರ್ಜಿನ್ ಅನ್ನೋ ಹೊಸ ಇನ್ಸುಲಿನ್ ಬಾಟಲೀಲೂ ಸಿಗತ್ತೆ, ಹಳೇ ರೆಗ್ಯುಲರ್ ಇನ್ಸುಲಿನ್ ಪೆನ್ ಕಾರ್ಟ್ರಿಜ್‌ನಲ್ಲೂ ಸಿಗತ್ತೆ. ಮಗು ದಿನ ಹೇಗೆ ಹೋಗತ್ತೆ ಅನ್ನೋದನ್ನ ನಿಜವಾಗಿ ಬದಲಾಯಿಸೋದು ಇನ್ಸುಲಿನ್ ಮತ್ತು ಅದನ್ನ ದಿನಕ್ಕೆ ಎಷ್ಟು ಸಲ ಹಾಕ್ತೀರಿ ಅನ್ನೋದು, ಕೈಲಿರೋ ಸಾಧನ ಆಮೇಲೆ.

ದಿನಕ್ಕೆರಡು ಇಂಜೆಕ್ಷನ್: ಅಗ್ಗ, ಆದ್ರೆ ಗಡಿಯಾರಕ್ಕೆ ಕಟ್ಟಿಹಾಕತ್ತೆ

ಊಟಕ್ಕೆ ಹಾಕೋ ರೆಗ್ಯುಲರ್ ಮತ್ತು ನಿಧಾನಕ್ಕೆ ಕೆಲಸ ಮಾಡೋ ಎನ್‌ಪಿಎಚ್, ಈ ಎರಡು ಹಳೇ ಇನ್ಸುಲಿನ್‌ಗಳನ್ನೂ ಸೇರಿಸಿ ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲ ಹಾಕೋ ಪದ್ಧತಿ ತುಂಬಾ ವರ್ಷದಿಂದ ಇದೆ. ಖರ್ಚು ನಿಜವಾಗ್ಲೂ ಕಮ್ಮಿ. ಇಪ್ಪತ್ತು ಕೆಜಿ ಮಗು ಅಂದ್ಕೊಳಿ, ಹನಿಮೂನ್ ಮುಗಿದ ಮೇಲೆ ದೊಡ್ಡವರಾಗೋಕೆ ಮುಂಚಿನ ಮಕ್ಕಳಿಗೆ ಸಾಮಾನ್ಯವಾಗಿ ಕೆಜಿಗೆ ದಿನಕ್ಕೆ 0.7ರಿಂದ 1 ಯೂನಿಟ್ ಬೇಕಾಗತ್ತೆ, ಅಂದ್ರೆ ದಿನಕ್ಕೆ ಹದಿನಾಲ್ಕರಿಂದ ಇಪ್ಪತ್ತು ಯೂನಿಟ್. ನಮ್ಮಲ್ಲಿ ಸಿಗೋ 10 ಎಂಎಲ್ ಬಾಟಲೀಲಿ 400 ಯೂನಿಟ್ ಇರತ್ತೆ, ಒಂದು ಬಾಟಲಿ ಸುಮಾರು ನೂರೈವತ್ತು ರೂಪಾಯಿ ಆಸುಪಾಸು, ತಿಂಗಳಿಗೆ ಎರಡು ಬಾಟಲಿ ಸಾಕು. ಜನೌಷಧಿ ಅಂಗಡೀಲಿ ಇನ್ನೂ ಕಮ್ಮಿಗೆ ಸಿಗಬಹುದು, ಜಿಲ್ಲಾಸ್ಪತ್ರೆ ಎನ್‌ಸಿಡಿ (ಶುಗರ್, ಬಿಪಿ ತರದ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಕೇಳಿ ನೋಡಿ.

ತೊಂದರೆ ಎಲ್ಲಿ ಅಂದ್ರೆ ಎನ್‌ಪಿಎಚ್ ಹಾಕಿದ ನಾಲ್ಕರಿಂದ ಹತ್ತು ಗಂಟೆ ಒಳಗೆ ಜೋರು ಮಾಡತ್ತೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಏರಿರತ್ತೆ, ಆಗ ಮಗು ತಿನ್ಲೇಬೇಕು, ಸ್ಕೂಲಲ್ಲಿ ಊಟ ಮುಕ್ಕಾಲು ಗಂಟೆ ಲೇಟಾದ್ರೆ ಲೋ. ರಾತ್ರಿ ಊಟಕ್ಕೆ ಮುಂಚೆ ಹಾಕಿದ್ದು ಸರಿಯಾಗಿ ಎರಡು ಮೂರು ಗಂಟೆ ರಾತ್ರೀಲಿ ಜೋರಾಗತ್ತೆ, ಮನೆಯವರೆಲ್ಲ ನಿದ್ದೆಯಲ್ಲಿರೋ ಹೊತ್ತು. ಜೊತೆಗೆ ರೆಗ್ಯುಲರ್ ಹಾಕಿ ಅರ್ಧ ಗಂಟೆ ಕಾಯ್ಬೇಕು, ಹಸಿದಿರೋ ಮೂರು ವರ್ಷದ ಮಗೂಗೆ ಅರ್ಧ ಗಂಟೆ ಕಾಯಿಸೋದು ಏನು ಅಂತ ತಾಯಂದಿರನ್ನೇ ಕೇಳಿ. ಇನ್ನು ರೆಡಿ ಮಿಕ್ಸ್ ಬರೋ 30/70 ಅಂತೂ ಮಕ್ಕಳಿಗೆ ಸಾಮಾನ್ಯವಾಗಿ ಸರಿಹೋಗಲ್ಲ, ಊಟಕ್ಕೆ ತಕ್ಕಂಗೆ ಒಂದನ್ನ ಏರಿಸಿ ಇನ್ನೊಂದನ್ನ ಬಿಡೋಕಾಗಲ್ಲ.

ಸಿರಿಂಜು ಬಳಸೋರು ಇದನ್ನ ಮಾತ್ರ ಕಣ್ಣಾರೆ ನೋಡ್ಕೊಳಿ. ನಮ್ಮಲ್ಲಿ ಎರಡು ತರ ಸಿರಿಂಜು ಇದೆ, ಕೆಂಪು ಕ್ಯಾಪಿಂದು 40 ಯೂನಿಟ್ ಬಾಟಲಿಗೆ, ಕಿತ್ತಳೆ ಕ್ಯಾಪಿಂದು 100 ಯೂನಿಟ್ ಬಾಟಲಿಗೆ. ಬಾಟಲಿ ಮೇಲೆ 40 ಐಯು ಅಂತಲೋ 100 ಐಯು ಅಂತಲೋ ಬರ್ದಿರತ್ತೆ. 100ರ ಬಾಟಲಿಯಿಂದ ಕೆಂಪು ಕ್ಯಾಪ್ ಸಿರಿಂಜಲ್ಲಿ ಹತ್ತರ ಗೀಟಿಗೆ ಎಳೆದ್ರೆ ಒಳಗೆ ಹೋಗೋದು ಹತ್ತಲ್ಲ, ಇಪ್ಪತ್ತೈದು ಯೂನಿಟ್. ತಿರುಗಾ ಮುರುಗಾ ಆದ್ರೆ ಬರೀ ನಾಲ್ಕು. ಮೆಡಿಕಲ್ ಸ್ಟೋರಲ್ಲಿ ಅವಸರದಲ್ಲಿ ಯಾವುದೋ ಒಂದು ಕೊಟ್ಟುಬಿಡೋದುಂಟು, ಕೌಂಟರ್ ಬಿಡೋಕೆ ಮುಂಚೆ ಕ್ಯಾಪ್ ಬಣ್ಣ ನೋಡಿ ಬಾಟಲಿ ಮೇಲಿನ ನಂಬರ್ ಓದಿ. ಎನ್‌ಪಿಎಚ್ ಬಾಟಲೀನ ಅಲ್ಲಾಡಿಸ್ಬೇಡಿ, ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿ, ಹಾಲಿನ ತರ ಒಂದೇ ಸಮ ಆಗೋವರೆಗೂ, ಆಮೇಲೆ ಮೊದಲು ತಿಳಿಯಾಗಿರೋ ರೆಗ್ಯುಲರ್ ಎಳೀರಿ, ನಂತರ ಎನ್‌ಪಿಎಚ್.

ಬೇಸಲ್ ಬೋಲಸ್: ನನ್ನ ಪ್ರಕಾರ ಹೆಚ್ಚಿನ ಮನೆಗಳಿಗೆ ಇದೇ

ಬೇಸಲ್ ಅಂದ್ರೆ ದಿನಕ್ಕೊಂದ್ಸಲ ಹಾಕೋ, ಉದ್ದ ಕೆಲಸ ಮಾಡೋ ಇನ್ಸುಲಿನ್, ಗ್ಲಾರ್ಜಿನ್ ಅಥವಾ ಡೆಗ್ಲುಡೆಕ್, ಬೋಲಸ್ ಅಂದ್ರೆ ಅದರ ಮೇಲೆ ಪ್ರತಿ ಊಟಕ್ಕೆ ಬೇಗ ಕೆಲಸ ಮಾಡೋದು, ಲಿಸ್ಪ್ರೋ ಅಥವಾ ಆಸ್ಪಾರ್ಟ್. ಚುಚ್ಚೋದು ನಾಲ್ಕು ಸಲ ಆಗತ್ತೆ, ಅದನ್ನ ಕೇಳಿದ ತಕ್ಷಣ ಅಯ್ಯೋ ಅಂತಾರೆ. ಆದ್ರೆ ಬದಲಿಗೆ ಸಿಗೋದೇನು ನೋಡಿ. ಎರಡು ಇಡ್ಲಿ ತಿಂದ್ರೆ ಎರಡಕ್ಕೆ, ನಾಲ್ಕು ತಿಂದ್ರೆ ನಾಲ್ಕಕ್ಕೆ, ಊಟ ಬೇಡ ಅಂದ್ರೆ ಆ ಊಟದ ಡೋಸೂ ಬೇಡ. ಮದುವೆ ಮನೇಲಿ ಊಟ ಮೂರು ಗಂಟೆಗಾದ್ರೂ ಗಾಬರಿ ಇಲ್ಲ. ಉದ್ದದ್ದಕ್ಕೆ ಎನ್‌ಪಿಎಚ್ ತರದ ಗುಡ್ಡ ಇಲ್ಲ, ಹಾಗಾಗಿ ರಾತ್ರಿ ಲೋ ಕಮ್ಮಿ.

ಇದನ್ನ ನಾನು ಸುಮ್ನೆ ಹೇಳ್ತಿಲ್ಲ. ಅಮೆರಿಕ ಕೆನಡಾದಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಅನ್ನೋ ದೊಡ್ಡ ಅಧ್ಯಯನದಲ್ಲಿ 13ರಿಂದ 39 ವಯಸ್ಸಿನ 1441 ಟೈಪ್ 1 ಜನ ಇದ್ರು. ಅರ್ಧ ಜನ ದಿನಕ್ಕೆ ಒಂದೋ ಎರಡೋ ಇಂಜೆಕ್ಷನ್, ಇನ್ನರ್ಧ ಮೂರು ಅಥವಾ ಅದಕ್ಕಿಂತ ಹೆಚ್ಚು ಇಂಜೆಕ್ಷನ್, ಇಲ್ಲಾ ಪಂಪು. ಎರಡನೇ ಗುಂಪಿನವರ ಎಚ್‌ಬಿಎ1ಸಿ ಸುಮಾರು 7ಕ್ಕೆ ಬಂತು, ಮೊದಲನೇ ಗುಂಪಿಂದು 9ರ ಹತ್ರ ಉಳೀತು, ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಲ್ಲಿ ರೆಟಿನೋಪತಿ (ಶುಗರ್‌ನಿಂದ ಕಣ್ಣಿನ ಪರದೆ ಹಾಳಾಗೋದು) ಬರೋ ಅಪಾಯ ಶೇ 76ರಷ್ಟು ಕಮ್ಮಿ ಆಯ್ತು. ನಾನು ಎಲ್ಲರಿಗೂ ಒತ್ತಿ ಹೇಳೋದು ಇಲ್ಲಿದೆ: ಆಗ ಸೆನ್ಸರ್ ಇರಲಿಲ್ಲ, ಇವತ್ತಿನ ಗ್ಲಾರ್ಜಿನ್ ಇರಲಿಲ್ಲ, ಲಿಸ್ಪ್ರೋ ಬಂದಿದ್ದೇ 1996ರಲ್ಲಿ. ಇದ್ದಿದ್ದು ದಿನಕ್ಕೆ ಕನಿಷ್ಠ ನಾಲ್ಕು ಸಲ ಬೆರಳು ಚುಚ್ಚಿ ನೋಡೋದು, ನೋಡಿದ್ದಕ್ಕೆ ತಕ್ಕಂಗೆ ಡೋಸ್ ಬದಲಿಸೋದು, ತಿಂಗಳು ತಿಂಗಳು ಡಾಕ್ಟ್ರ ತಂಡದ ಜೊತೆ ಭೇಟಿ. ಅಷ್ಟರಿಂದಲೇ ಅಷ್ಟು ಕಣ್ಣು ಉಳೀತು. ಹೌದು, ಆ ಗುಂಪಲ್ಲಿ ತೀವ್ರ ಲೋ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು, ಅದನ್ನೂ ಹೇಳ್ಬೇಕು. ಆಮೇಲೆ ಬಂದ ಹೊಸ ಇನ್ಸುಲಿನ್‌ಗಳ ದೊಡ್ಡ ಲಾಭ ಇದೇ, ರಾತ್ರಿ ಲೋ ಕಮ್ಮಿ ಮಾಡೋದು.

ಖರ್ಚಿನ ಮಾತಿಗೆ ಬಂದ್ರೆ 3 ಎಂಎಲ್ ಕಾರ್ಟ್ರಿಜ್‌ನಲ್ಲಿ 300 ಯೂನಿಟ್, ನಮ್ಮ ಇಪ್ಪತ್ತು ಕೆಜಿ ಮಗೂಗೆ ತಿಂಗಳಿಗೆ ಉದ್ದದ್ದು ಒಂದು ಬೇಗದ್ದು ಒಂದು, ಬ್ರ್ಯಾಂಡ್ ನೋಡ್ಕೊಂಡು ಸೂಜಿ ಸೇರಿ ಸಾವಿರದಿಂದ ಎರಡು ಸಾವಿರದ ಲೆಕ್ಕ. ಬಯೋಸಿಮಿಲರ್, ಅಂದ್ರೆ ಮೂಲ ಬ್ರ್ಯಾಂಡಿನ ತರಾನೇ ಬೇರೆ ಕಂಪನಿ ಮಾಡೋ ಇನ್ಸುಲಿನ್, ನಕಲಿ ಅಂತ ಹೆದರೋರಿಗೆ ಒಂದು ವಿಷಯ, ಬೆಂಗಳೂರಿನ ಬಯೋಕಾನ್‌ನವರ ಗ್ಲಾರ್ಜಿನ್ 2021ರಲ್ಲಿ ಅಮೆರಿಕದಲ್ಲಿ ಮೂಲ ಬ್ರ್ಯಾಂಡ್ ಬದಲಿಗೆ ಔಷಧಿ ಅಂಗಡಿಯಲ್ಲೇ ಕೊಡಬಹುದು ಅಂತ ಒಪ್ಪಿಗೆ ಪಡೆದ ಮೊದಲ ಬಯೋಸಿಮಿಲರ್ ಇನ್ಸುಲಿನ್.

ಎರಡೂ ಹೊಸದು ಕೈಗೆಟುಕಲ್ಲ ಅಂದ್ರೆ ನಡುವಿನ ದಾರಿ ಇದೆ, ಇದನ್ನ ತುಂಬಾ ಜನಕ್ಕೆ ಯಾರೂ ಹೇಳಲ್ಲ. ಉದ್ದದ್ದನ್ನ ಮಾತ್ರ ಗ್ಲಾರ್ಜಿನ್ ತಗೊಂಡು ಊಟಕ್ಕೆ ಅಗ್ಗದ ರೆಗ್ಯುಲರ್ರೇ ಹಾಕೋದು. ಅರ್ಧ ಗಂಟೆ ಕಾಯೋ ಕಷ್ಟ ಉಳಿಯತ್ತೆ, ಆದ್ರೆ ರಾತ್ರಿ ನಿದ್ದೆ ಸಿಗತ್ತೆ. ಡಾಕ್ಟ್ರ ಹತ್ರ ಬಾಯಿಬಿಟ್ಟು ಕೇಳಿ. ಒಂದೇ ಎಚ್ಚರ, ಗ್ಲಾರ್ಜಿನ್‌ನ ಬೇರೆ ಯಾವ ಇನ್ಸುಲಿನ್ ಜೊತೆಗೂ ಒಂದೇ ಸಿರಿಂಜಲ್ಲಿ ಬೆರೆಸೋ ಹಾಗಿಲ್ಲ.

ಪೆನ್ನಿನ ಅನುಕೂಲ ಸ್ಕೂಲಲ್ಲಿ ಗೊತ್ತಾಗತ್ತೆ, ಬ್ಯಾಗಲ್ಲಿ ಹಾಕ್ಕೊಂಡು ಹೋಗಬಹುದು, ಸೂಜಿ ಬರೀ 4 ಮಿಮೀ, ಡಯಲ್ ತಿರುಗಿಸಿದ್ರೆ ಟಕ್ ಟಕ್ ಅಂತ ಎಣಿಸತ್ತೆ. ಪುಟ್ಟ ಮಕ್ಕಳಿಗೆ ಅರ್ಧ ಯೂನಿಟ್ ಹಾಕೋ ಪೆನ್ ಕೇಳಿ, ಒಂದೊಂದೇ ಯೂನಿಟ್ ಹೋಗೋ ಪೆನ್ನಲ್ಲಿ ಹತ್ತು ಕೆಜಿ ಮಗೂಗೆ ಒಂದೋ ಜಾಸ್ತಿ ಇಲ್ಲಾ ಕಮ್ಮಿ ಆಗತ್ತೆ. ಹಾಕೋಕೆ ಮುಂಚೆ ಎರಡು ಯೂನಿಟ್ ಗಾಳಿಗೆ ಬಿಟ್ಟು ಹನಿ ಬರತ್ತಾ ನೋಡಿ, ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೀರಿ.

ಒಂದು ಕಷ್ಟದ ಕೆಲಸ ಇದೆ, ಊಟದಲ್ಲಿ ಕಾರ್ಬ್ (ಶುಗರ್ ಏರಿಸೋ ಪಿಷ್ಟ, ಸಕ್ಕರೆ) ಎಷ್ಟು ಅಂತ ಲೆಕ್ಕ ಹಾಕೋದು. ಅದು ಕಲೀದೆ ಬೇಸಲ್ ಬೋಲಸ್ ಮಾಡಿದ್ರೆ ಚುಚ್ಚಿದ್ದೊಂದೇ ಲಾಭ. ರಾಗಿ ಮುದ್ದೆ ಶುಗರ್‌ಗೆ ಒಳ್ಳೇದು ಅಂತ ಲೆಕ್ಕಕ್ಕೇ ಹಿಡಿಯದೇ ಇರೋ ಮನೆಗಳಿವೆ, ಆದ್ರೆ ನೂರು ಗ್ರಾಂ ರಾಗೀಲಿ ಸುಮಾರು 67 ಗ್ರಾಂ ಕಾರ್ಬ್ ಇದೆ, ಅಕ್ಕೀಲಿ 78. ವ್ಯತ್ಯಾಸ ಇದೆ, ಆದ್ರೆ ಮುದ್ದೆಗೂ ಡೋಸ್ ಬೇಕೇ ಬೇಕು. ಒಂದು ಕಿಚನ್ ತಕ್ಕಡಿ ತಗೊಂಡು ನಿಮ್ಮನೆ ಮುದ್ದೆಗೆ ಹಿಟ್ಟೆಷ್ಟು ಬೀಳತ್ತೆ, ಇಡ್ಲಿ ಚಪಾತಿ ತೂಕ ಎಷ್ಟು ಅಂತ ನೋಡ್ಕೊಂಡ್ಬಿಟ್ರೆ ಆಮೇಲೆ ಕಣ್ಣಳತೆ ಬರತ್ತೆ.

ಪಂಪು

ಹೊಟ್ಟೆ ಮೇಲೆ ಸಣ್ಣ ನಳಿಕೆ ಕೂರಿಸಿ ಬೇಗದ ಇನ್ಸುಲಿನ್ನೇ ಇಡೀ ದಿನ ಸ್ವಲ್ಪ ಸ್ವಲ್ಪ ಬಿಡೋ ಸಾಧನ. ಎರಡು ಮೂರು ದಿನಕ್ಕೊಮ್ಮೆ ಸೆಟ್ ಬದಲಾಯಿಸಿದ್ರೆ ಸಾಕು, ಗಂಟೆಗೆ ಅತಿ ಸಣ್ಣ ಡೋಸ್ ಕೂಡ ಇಡಬಹುದು, ಅದಕ್ಕೇ ತೀರಾ ಪುಟ್ಟ ಮಕ್ಕಳಿಗೆ, ಬೆಳಗಿನ ಜಾವ ಶುಗರ್ ಏರೋ ಹದಿಹರೆಯದವರಿಗೆ ಇದರಿಂದ ನಿಜವಾದ ಸಹಾಯ ಇದೆ. ಆದ್ರೆ ಬೆಲೆ ಲಕ್ಷಗಳಲ್ಲಿ, ಸೆಟ್ಟು, ಸೆನ್ಸರ್ ಎಲ್ಲಾ ಸೇರಿ ತಿಂಗಳಿಗೆ ಹತ್ತು ಸಾವಿರ ದಾಟತ್ತೆ, ಅದು ಪ್ರತಿ ತಿಂಗಳೂ.

ಅಷ್ಟು ಕೊಟ್ಟಿದ್ದಕ್ಕೆ ಏನು ಸಿಗತ್ತೆ? ಬರೀ ಪಂಪು ಆದ್ರೆ ನಾವಂದ್ಕೊಂಡಷ್ಟು ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಟೈಪ್ 1 ಗೊತ್ತಾದ ಸುಮಾರು 290 ಮಕ್ಕಳನ್ನ ಪಂಪು ಮತ್ತು ಇಂಜೆಕ್ಷನ್ ಅಂತ ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ್ರು, 2019ರಲ್ಲಿ ಬಂದ ಫಲಿತಾಂಶ ಏನಂದ್ರೆ ಪಂಪು ಹಾಕಿದ ಮಕ್ಕಳ ಎಚ್‌ಬಿಎ1ಸಿ ಇಂಜೆಕ್ಷನ್‌ನವರಿಗಿಂತ ಚೆನ್ನಾಗೇನೂ ಇರಲಿಲ್ಲ, ಖರ್ಚು ಮಾತ್ರ ಜಾಸ್ತಿ. ಕತೆ ಬದಲಾಗೋದು ಪಂಪೂ ಸೆನ್ಸರೂ ಒಂದಕ್ಕೊಂದು ಮಾತಾಡ್ಕೊಂಡು ತಾನೇ ಡೋಸ್ ಹೊಂದಿಸೋ ಆಟೋಮ್ಯಾಟಿಕ್ ಸಿಸ್ಟಮ್‌ನಲ್ಲಿ. 2020ರಲ್ಲಿ 6ರಿಂದ 13 ವರ್ಷದ 101 ಮಕ್ಕಳ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ, ಶುಗರ್ 70ರಿಂದ 180ರ ಒಳಗಿರೋ ಸಮಯ ಆ ಸಿಸ್ಟಮ್ ಹಾಕಿದವರಲ್ಲಿ ಹದಿನಾರು ವಾರದಲ್ಲಿ ಶೇ 53ರಿಂದ 67ಕ್ಕೆ ಏರಿತ್ತು. ಹಾಗಾಗಿ ದುಡ್ಡಿರೋರು ಪಂಪು ತಗೊಳೋದಾದ್ರೆ ಇಂಥದ್ದನ್ನೇ ತಗೊಳಿ, ಅರ್ಧಂಬರ್ಧ ಬೇಡ.

ಇನ್ನೊಂದು ಎಚ್ಚರ. ಪಂಪಲ್ಲಿ ಉದ್ದದ ಇನ್ಸುಲಿನ್ ಇರಲ್ಲ. ನಳಿಕೆ ಮಡಚಿಕೊಂಡ್ರೆ, ಬ್ಯಾಟರಿ ಹೋದ್ರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರೋಕೆ ಶುರುವಾಗತ್ತೆ. ಅದಕ್ಕೆ ಪಂಪಿದ್ರೂ ಮನೇಲಿ ಪೆನ್ನು, ಎರಡೂ ಇನ್ಸುಲಿನ್, ಕೀಟೋನ್ ಸ್ಟ್ರಿಪ್ ಇರಲೇಬೇಕು. ಸರ್ವಿಸ್‌ನೋರು ನಿಮ್ಮೂರಿಂದ ಎಷ್ಟು ದೂರ, ಹಾಳಾದ್ರೆ ಬದಲಿ ಪಂಪು ಎಷ್ಟು ದಿನದಲ್ಲಿ ಬರತ್ತೆ ಅನ್ನೋದನ್ನ ದುಡ್ಡು ಕೊಡೋಕೆ ಮುಂಚೆ ಬರವಣಿಗೇಲಿ ತಗೊಳಿ.

ಸ್ಟ್ರಿಪ್ಪಾ, ಸೆನ್ಸರಾ

ಇಲ್ಲೇ ಎಲ್ಲರ ಲೆಕ್ಕ ತಪ್ಪೋದು. ಅಗ್ಗದ ಇನ್ಸುಲಿನ್ ತಿಂಗಳಿಗೆ ಮುನ್ನೂರು, ಮುನ್ನೂರೈವತ್ತು ರೂಪಾಯಿ, ಆದ್ರೆ ದಿನಕ್ಕೆ ಐದು ಸಲ ನೋಡಿದ್ರೆ ತಿಂಗಳಿಗೆ 150 ಸ್ಟ್ರಿಪ್, ಒಂದಕ್ಕೆ ಇಪ್ಪತ್ತು ಅಂದ್ರೂ ಮೂರು ಸಾವಿರ. ಹಾಗಾಗಿ ಸ್ಟ್ರಿಪ್ಪಲ್ಲೇ ಉಳಿಸೋಕೆ ಹೋಗ್ತಾರೆ, ವಾರಕ್ಕೊಂದ್ಸಲ ನೋಡ್ತಾರೆ, ಒಳ್ಳೆ ಇನ್ಸುಲಿನ್ ಕಣ್ಣು ಮುಚ್ಕೊಂಡು ಹಾಕ್ತಾರೆ. ಮೀಟರ್ ಫ್ರೀ ಕೊಡ್ತಾರೆ ಅಂತ ತಗೋಬೇಡಿ, ಅದರ ಸ್ಟ್ರಿಪ್ ಬೆಲೆ ನೋಡಿ, ನಿಮ್ಮೂರಲ್ಲಿ ಸಿಗತ್ತಾ ನೋಡಿ, ಆಮೇಲೆ ಮೀಟರ್.

ಸೆನ್ಸರ್ ಒಂದು ಸುಮಾರು ನಾಲ್ಕೈದು ಸಾವಿರ, ಹದಿನಾಲ್ಕು ದಿನ ಬರತ್ತೆ. ರಕ್ತ ಅಲ್ಲ, ಚರ್ಮದಡಿಯ ದ್ರವದ ಸಕ್ಕರೆ ಅಳೆಯೋದ್ರಿಂದ ಐದು ಹತ್ತು ನಿಮಿಷ ಹಿಂದೆ ಇರತ್ತೆ, ಮಗು ಬೆವರಿ ಸುಸ್ತಾಗಿ ಲೋ ತರ ಕಾಣ್ತಿದ್ರೆ ಸೆನ್ಸರ್ 90 ಅಂದ್ರೂ ಬೆರಳು ಚುಚ್ಚಿ ನೋಡಿ. ಅದರ ನಿಜವಾದ ಬಲ ಬಾಣದ ಗುರುತು, ಏರ್ತಿದೆಯಾ ಇಳೀತಿದೆಯಾ ಅಂತ ತೋರಿಸತ್ತೆ. ಆದ್ರೆ 2008ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 8ರಿಂದ 14 ವರ್ಷದ ಮಕ್ಕಳ ಎಚ್‌ಬಿಎ1ಸಿ ಸೆನ್ಸರಿಂದ ಹೇಳ್ಕೊಳೋ ಅಷ್ಟು ಇಳೀಲಿಲ್ಲ, ಯಾಕಂದ್ರೆ ಅವರಲ್ಲಿ ಎಷ್ಟೋ ಮಕ್ಕಳು ಅದನ್ನ ದಿನಾ ಹಾಕ್ಕೊಳ್ತಾನೇ ಇರಲಿಲ್ಲ. ವಾರಕ್ಕೆ ಆರು ದಿನ ಅಥವಾ ಅದಕ್ಕಿಂತ ಹೆಚ್ಚು ಹಾಕ್ಕೊಂಡವರಿಗೆ ಯಾವ ವಯಸ್ಸಾದ್ರೂ ಲಾಭ ಆಗಿತ್ತು. ಆ ಕಾಲದ ಸೆನ್ಸರಿಗಿಂತ ಈಗಿನದ್ದು ಎಷ್ಟೋ ಮೇಲು, 2020ರಲ್ಲಿ 14ರಿಂದ 24 ವರ್ಷದವರಲ್ಲಿ ನಡೆದ ಅಧ್ಯಯನದಲ್ಲಿ ಎಚ್‌ಬಿಎ1ಸಿ ಇಳಿದಿದ್ದೂ ಕಂಡಿದೆ, ಆದ್ರೂ ಪಾಠ ಅದೇ, ಬಿಟ್ಟು ಬಿಟ್ಟು ಹಾಕೋದ್ರಿಂದ ಹೆಚ್ಚೇನೂ ಸಿಗಲ್ಲ.

ಎಲ್ಲಾ ತಿಂಗಳೂ ಆಗಲ್ಲ ಅಂದ್ರೆ ಏನು ಮಾಡೋದು? ದಿನಾ ಸ್ಟ್ರಿಪ್ಪೇ ಇಟ್ಕೊಳಿ, ಡಾಕ್ಟ್ರ ಭೇಟಿಗೆ ಎರಡು ವಾರ ಮುಂಚೆ ಒಂದು ಸೆನ್ಸರ್ ಹಾಕಿಸಿ, ಆ ಹದಿನಾಲ್ಕು ದಿನ ಏನು ತಿಂದ್ರು ಎಷ್ಟು ಹಾಕಿದ್ರಿ ಅಂತ ಒಂದೂ ಬಿಡದೆ ಬರ್ಕೊಂಡು ಹೋಗಿ. ವರ್ಷಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿದ್ರೂ ರಾತ್ರಿ ಗುಟ್ಟು ಬಯಲಾಗತ್ತೆ. ರಾತ್ರಿ ಲೋ ಗೊತ್ತೇ ಆಗದ ಮಕ್ಕಳು, ಮಾತು ಬಾರದ ಪುಟಾಣಿಗಳು, ಫಿಟ್ಸ್ ಬಂದಿರೋ ಮಕ್ಕಳು ಇದ್ರೆ ಮಾತ್ರ ಬೇರೆ ಖರ್ಚು ಕಮ್ಮಿ ಮಾಡಿಯಾದ್ರೂ ಅಲಾರಂ ಇರೋ ಸೆನ್ಸರ್ ಖಾಯಂ ಇಡಿ. ಅಲಾರಂ ಇಲ್ಲದ ಮಾಡೆಲ್ ಕೂಡ ಇದೆ, ಅದು ನೀವು ಫೋನ್ ಹಿಡಿದ್ರೆ ಮಾತ್ರ ಹೇಳತ್ತೆ, ಕೇಳಿ ತಗೊಳಿ.

ಹಾಗಾದ್ರೆ ದುಡ್ಡು ಯಾವ ಕ್ರಮದಲ್ಲಿ

ನನ್ನ ಕ್ರಮ ಹೀಗೆ: ಮೊದಲು ಸ್ಟ್ರಿಪ್, ಆಮೇಲೆ ಉದ್ದದ ಗ್ಲಾರ್ಜಿನ್ ತರದ್ದು, ಆಮೇಲೆ ಊಟಕ್ಕೆ ಬೇಗದ್ದು, ನಂತರ ಸೆನ್ಸರ್, ಕೊನೇಲಿ ಪಂಪು. ತಿಂಗಳಿಗೆ ನಾಲ್ಕು ಸಾವಿರದ ಒಳಗೆ ಇರೋರು ಗ್ಲಾರ್ಜಿನ್, ರೆಗ್ಯುಲರ್, ದಿನಕ್ಕೆ ನಾಲ್ಕು ಸ್ಟ್ರಿಪ್ಪಲ್ಲಿ ಒಳ್ಳೆ ಕಂಟ್ರೋಲ್ ತರಬಹುದು. ಅದೂ ಆಗಲ್ಲ ಅಂದ್ರೆ ಎನ್‌ಪಿಎಚ್ ಹಾಕಿ, ಆದ್ರೆ ಮೂರು ಹೊತ್ತಿನ ಊಟ ತಿಂಡಿ ಟೈಮ್ ಬಿಡ್ಬೇಡಿ, ಮಲಗೋ ಮುಂಚೆ ನೋಡಿ, ಆಗಾಗ ರಾತ್ರಿ ಮೂರಕ್ಕೆ ಎದ್ದು ನೋಡಿ. ಬೆಂಗಳೂರಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ತರದ ಸರ್ಕಾರಿ ಜಾಗ, ಟೈಪ್ 1 ಮಕ್ಕಳಿಗೆ ಇನ್ಸುಲಿನ್ ಸ್ಟ್ರಿಪ್ ಕೊಡೋ ಟ್ರಸ್ಟ್‌ಗಳು ಇವೆ, ಕೇಳೋಕೆ ಸಂಕೋಚ ಪಡ್ಬೇಡಿ.

ಫ್ರಿಜ್ ಇಲ್ಲದೋರಿಗೆ, ರಾಯಚೂರು ಕಲಬುರಗಿ ಬಿಸಿಲಿನೋರಿಗೆ: ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಫ್ರೀಜರ್ ಯಾವತ್ತೂ ಬೇಡ. ಫ್ರಿಜ್ ಇಲ್ಲ ಅಂದ್ರೆ ಒಂದೊಂದೇ ಬಾಟಲಿ ತಂದು ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಹಾಗೆ ಡಬ್ಬೀಲಿ ಇಡಿ. ಕೀನ್ಯಾದ ದಗಹಲೆ ನಿರಾಶ್ರಿತರ ಶಿಬಿರದ ಉಷ್ಣತೆ ಅಳೆದು, 25ರಿಂದ 37 ಡಿಗ್ರಿವರೆಗೆ ಏರಿಳಿಯೋ ಕಡೆ ಇಟ್ಟ ಇನ್ಸುಲಿನ್ ನಾಲ್ಕು ವಾರ ಶಕ್ತಿ ಕಳ್ಕೊಳಲ್ಲ ಅಂತ 2021ರಲ್ಲಿ ಪರೀಕ್ಷೆ ಮಾಡಿ ತೋರಿಸಿದಾರೆ. ಬೈಕ್ ಡಿಕ್ಕಿ, ಬಸ್ಸಿನ ಕಿಟಕಿ ಪಕ್ಕ ಇಡೋದು ಮಾತ್ರ ಬೇಡವೇ ಬೇಡ.

ಯಾವ ದಾರಿ ಹಿಡಿದ್ರೂ ಎರಡು ಪರೀಕ್ಷೆ ಮರೀಬೇಡಿ, ಟೈಪ್ 1 ಮಕ್ಕಳಿಗೆ ಥೈರಾಯ್ಡ್ ಮೇಲೂ ಇದೇ ತರ ದಾಳಿ ಆಗೋ ಸಾಧ್ಯತೆ ಹೆಚ್ಚು, ಗೋಧಿ ಒಗ್ಗದ ಸೀಲಿಯಾಕ್ ಕೂಡ. ಮಗು ಎತ್ತರ ನಿಂತುಹೋದ್ರೆ, ಕಾರಣ ಇಲ್ಲದೆ ಪದೇ ಪದೇ ಲೋ ಆದ್ರೆ ಪಂಪು ಬದಲಿಸೋ ಯೋಚನೆ ಮಾಡೋಕೆ ಮುಂಚೆ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಮತ್ತು ಸೀಲಿಯಾಕ್ ಟೆಸ್ಟ್ ಮಾಡಿಸಿ.

ಸ್ಕೂಲಿನೋರು ಪೆನ್ನು ಮೀಟರ್ ಒಳಗೆ ಬಿಡಲ್ಲ ಅಂದ್ರೆ ಸುಮ್ನಿರಬೇಡಿ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲೇ ಟೈಪ್ 1 ಮಕ್ಕಳಿಗೆ ಕ್ಲಾಸಲ್ಲಿ ಶುಗರ್ ನೋಡ್ಕೊಳೋಕೆ, ಇನ್ಸುಲಿನ್ ಹಾಕ್ಕೊಳೋಕೆ, ತಿನ್ನೋಕೆ ಬಿಡ್ಬೇಕು ಅಂತ ರಾಜ್ಯಗಳಿಗೆ ಬರೆದಿದೆ, ಸಿಬಿಎಸ್‌ಇ 2017ರಿಂದ ಪರೀಕ್ಷಾ ಹಾಲಿಗೆ ತಿಂಡಿ ಒಯ್ಯೋಕೆ ಬಿಟ್ಟಿದೆ. ಡಾಕ್ಟ್ರ ಪತ್ರ ಒಂದು, ಗ್ಲೂಕೋಸ್ ಪುಡಿ ಒಂದು ಡಬ್ಬಿ, 70ಕ್ಕಿಂತ ಕೆಳಗೆ ಬಂದ್ರೆ ಎಷ್ಟು ಚಮಚ ಅಂತ ಬರ್ದಿರೋ ಚೀಟಿ ಒಂದು ಕ್ಲಾಸ್ ಟೀಚರ್ ಕೈಗೇ ಕೊಡಿ.

ಈಗಿರೋ ಪದ್ಧತಿ ಬಿಟ್ಟು ಬೇರೆದಕ್ಕೆ ಹೋಗ್ತೀನಿ ಅಂತ ತೀರ್ಮಾನ ಮಾಡಿದ್ರೆ ಪರೀಕ್ಷೆ ವಾರದಲ್ಲಿ ಬೇಡ, ದಸರಾ ರಜೆನೋ ಬೇಸಿಗೆ ರಜೆನೋ ನೋಡ್ಕೊಳಿ, ಇಬ್ಬರಲ್ಲಿ ಒಬ್ಬರಾದ್ರೂ ಮನೇಲಿರಬೇಕು. ಮೊದಲ ಎರಡು ವಾರ ಸ್ಟ್ರಿಪ್ ದುಪ್ಪಟ್ಟು ಬೇಕಾಗತ್ತೆ, ಮುಂಚೆನೇ ತಂದಿಟ್ಕೊಳಿ, ಹಳೇ ಇನ್ಸುಲಿನ್ನು ಸಿರಿಂಜು ಎಸೀಬೇಡಿ.